ಬಾಣಂತಿ ಕೋಣೆಯ ಕಾವು

ಚಿತ್ರದುರ್ಗದಲ್ಲಿ ಬೇಸಿಗೆ ಬಂತೆಂದರೆ ಹೊರಗಿನಿಂದ ಬಂದವರೆಲ್ಲ ಒಂದೇ ರಾಗ ಹಾಡುತ್ತಾರೆ. ಸುತ್ತ ಕಲ್ಲುಗುಡ್ಡವಂತೆ, ಅದಕ್ಕೇ ಈ ಊರು ಹೀಗೆ ಕಾಯುತ್ತದಂತೆ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೋಟೆ ಗುಡ್ಡ ನಿನ್ನೆ ಮೊನ್ನೆ ಹುಟ್ಟಿದ್ದೇನಲ್ಲವಲ್ಲ. ನಾನು ಹೈಸ್ಕೂಲು ಓದಲು ಈ ಊರಿಗೆ ಬಂದಾಗಲೂ ಅದು ಅಲ್ಲೇ ಕೂತಿತ್ತು. ಆಗ ಹಾಸ್ಟೆಲಿನ ಮಾಳಿಗೆ ಮೇಲೆ ನಾವು ಹುಡುಗಿಯರು ಚಾಪೆ ಹಾಸಿ ಮಲಗಿದರೆ, ಬೆಳಗಿನ ಜಾವಕ್ಕೆ ಒಂದೇ ಹೊದಿಕೆಗೆ ಮೂವರು ಕಿತ್ತಾಡುತ್ತಿದ್ದೆವು. ಗುಡ್ಡದ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವುದು ಸುಲಭ. ಅದರ ಬುಡದಲ್ಲಿ ನಾವೇ ಇನ್ನೊಂದು ಗುಡ್ಡ ಕಟ್ಟಿಕೊಂಡು ಅದರೊಳಗೆ ಸಂಸಾರ ಮಾಡುತ್ತಿದ್ದೇವೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನಾನೂ ಹೇಳುತ್ತಿರಲಿಲ್ಲ ಬಿಡಿ. ಅದನ್ನು ನನಗೆ ಕಲಿಸಿದವಳು ನಮ್ಮವ್ವ, ಅದೂ ನನ್ನ ಮಗಳ ಜೀವಕ್ಕೇ ಬಂದ ಮೇಲೆ.

ನಮ್ಮದು ಮಾಡದಕೆರೆ ಕಡೆಯ ಒಂದು ಹಳ್ಳಿ. ಕುರಿ ಸಾಕುವವರ ಮನೆ, ಜೊತೆಗೆ ನಾಲ್ಕೆಕರೆ ಹೊಲ. ಅಪ್ಪ ತೀರಿಕೊಂಡ ಮೇಲೂ ಅವ್ವ ಕುರಿ ಬಿಡಲಿಲ್ಲ. ಬೆಳಗ್ಗೆ ಎದ್ದು ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಟಳೆಂದರೆ ಹೊತ್ತು ಮುಳುಗಿದ ಮೇಲೇ ಬರುವವಳು. ಓದು ಬರಹ ಇಲ್ಲ, ಆದರೆ ಯಾವ ಕುರಿ ಯಾವತ್ತು ಈಯುತ್ತದೆ ಅಂತ ನಡಿಗೆ ನೋಡಿ ಹೇಳುತ್ತಿದ್ದಳು. ಯಾರನ್ನೂ ಕೇಳಿ ಏನನ್ನೂ ಮಾಡಿದವಳಲ್ಲ. ಊರಲ್ಲಿ ಅವಳಿಗೆ ಎದುರಾಡುವ ಗಂಡಸು ಇರಲಿಲ್ಲ. ನನಗೆ ಮೂಗಿನ ತುದಿಯಲ್ಲಿ ಸಿಟ್ಟು ಅಂತ ನನ್ನ ಶಿಷ್ಯೆಯರು ಇವತ್ತಿಗೂ ಆಡಿಕೊಳ್ಳುತ್ತಾರೆ. ಅದು ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿಲ್ಲ.

ನಮ್ಮದು ಮಾಳಿಗೆ ಮನೆ. ಮೊಳಕ್ಕಿಂತ ದಪ್ಪ ಮಣ್ಣಿನ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಸೊಪ್ಪು ಹಾಸಿ ಮಳೆ ನೀರು ಇಳಿಯದ ಕರಲು ಮಣ್ಣು ಹೊದಿಸಿದ್ದು. ವರ್ಷಾ ವರ್ಷ ಮಳೆಗಾಲಕ್ಕೆ ಮುಂಚೆ ಅವ್ವ ಹೊಸ ಕರಲು ಹೊತ್ತು ಮೇಲೇರಿಸಿ ತುಳಿದು ಸಮ ಮಾಡುತ್ತಿದ್ದಳು. ನಡುಮನೆಯ ಹಿಂದೆ ಕಿಟಕಿ ಇಲ್ಲದ ಒಂದು ಕತ್ತಲೆ ಕೋಣೆ. ಹೊರಗೆ ತಲೆ ಸೀಳುವ ಬಿಸಿಲಿದ್ದರೂ ಅದರೊಳಗೆ ಕಾಲಿಟ್ಟರೆ ಅಂಗಾಲು ತಣ್ಣಗಾಗುತ್ತಿತ್ತು. ನಮ್ಮ ಮನೆಯ ಹೆರಿಗೆ, ಬಾಣಂತನ ಎಲ್ಲ ಅಲ್ಲೇ. ನಾನು ಹುಟ್ಟಿದ್ದೂ ಅಲ್ಲೇ.

ಬಾಣಂತಿಗೆ ಗಾಳಿ ತಾಕಬಾರದು, ಥಂಡಿ ಹತ್ತಬಾರದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಮಗುವಿನ ಮೇಲೆ ಕಂಬಳಿ. ಅವ್ವನ ಬಾಯಲ್ಲಿ ಇದೆಲ್ಲಕ್ಕೂ ಒಂದೇ ಹೆಸರು: ಕಾವು. ಕೋಳಿ ಕೂರುವುದು ಕಾವಿಗೆ, ಈದ ಕುರಿಗೆ ಬೇಕಾದದ್ದು ಕಾವು, ಬಾಣಂತಿಗೂ ಕಾವು. ಬಿಸಿಲೆಂದರೆ ಬೇರೆ. ಅದು ಮೇಲಿಂದ ಬೀಳುತ್ತದೆ, ಎಲ್ಲರಿಗೂ ಕಾಣುತ್ತದೆ, ಹೊತ್ತು ಮುಳುಗಿದರೆ ಹೋಗುತ್ತದೆ. ಕಾವು ಕಣ್ಣಿಗೆ ಬೀಳುವುದಿಲ್ಲ, ಒಳಗೊಳಗೇ ಇದ್ದು ಜೀವ ಕಾಯುತ್ತದೆ. ನೀರು ಕಾಯುವುದಕ್ಕೂ ಕುರಿ ಕಾಯುವುದಕ್ಕೂ ನಮ್ಮಲ್ಲಿ ಒಂದೇ ಮಾತಲ್ಲವೇ? ಅವ್ವ ಆ ಎರಡನ್ನೂ ಬೇರೆ ಬೇರೆ ಅಂತ ಯಾವತ್ತೂ ಯೋಚಿಸಿರಲಿಕ್ಕಿಲ್ಲ.

ನಾನು ಓದಿ ದುರ್ಗದಲ್ಲೇ ಒಂದು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಸೈನ್ಸ್ ಮೇಡಂ ಆದೆ. ನಮ್ಮ ಮನೆಯವರು ಹೊಳಲ್ಕೆರೆಯವರು, ದುರ್ಗದಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟಿದ್ದರು. ಮದುವೆಯಾಗಿ ಎರಡು ವರ್ಷಕ್ಕೆ ಹೊಸ ಬಡಾವಣೆಯಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದರು. ಸಿಮೆಂಟ್ ಅಂಗಡಿಯವರ ಮನೆ ಹೇಗಿರುತ್ತದೆ, ನೀವೇ ಊಹಿಸಿ. ತಾರಸಿ ಸಿಮೆಂಟು, ಗೋಡೆ ಸಿಮೆಂಟು, ಅಂಗಳ ಸಿಮೆಂಟು, ತುಳಸಿಕಟ್ಟೆಯೂ ಸಿಮೆಂಟು. ಸೈಟಿನ ಮೂಲೆಯಲ್ಲಿದ್ದ ಒಂದು ಹೊಂಗೆ ಮರ ಗೇಟಿಗೆ ಅಡ್ಡ ಅಂತ ಹೋಯಿತು. ಅದೆಲ್ಲ ಮೊದಲು ಜೋಳದ ಹೊಲವಾಗಿತ್ತು. ನಾವು ಹೋದ ಮೇಲೆ ಎಡಕ್ಕೊಂದು ಮನೆ ಎದ್ದಿತು, ಬಲಕ್ಕೊಂದು ಎದ್ದಿತು, ಎದುರಿಗೆ ಮಹಡಿ ಮನೆಯೇ ಬಂತು. ಕೈ ಚಾಚಿದರೆ ಪಕ್ಕದವರ ಗೋಡೆ ಮುಟ್ಟಬಹುದು. ಬೀದಿಗೆ ಡಾಂಬರು ಬಿದ್ದ ದಿನ ನಾವೆಲ್ಲ ಖುಷಿಯಿಂದ ನಿಂತು ನೋಡಿದೆವು. ಕೆಸರು ತುಳಿಯುವುದು ತಪ್ಪಿತು ಅಂತ ನಾನೇ ಟೀ ಮಾಡಿ ಕೆಲಸದವರಿಗೆ ಕೊಟ್ಟೆ. ಆಮೇಲೆ ಸಂಜೆ ಹೊತ್ತು ಮನೆಯೊಳಗೆ ಕೂರಲಾಗದೆ ಬೀಸಣಿಗೆ ಹಿಡಿದು ಗೇಟಿನ ಹತ್ತಿರ ನಿಲ್ಲುವುದು ಎಲ್ಲರಿಗೂ ರೂಢಿಯಾಯಿತು. ಯಾಕೆ ಹೀಗೆ ಅಂತ ಒಬ್ಬರಿಗೂ ಅನ್ನಿಸಲಿಲ್ಲ. ಈ ವರ್ಷ ಬಿಸಿಲು ಜಾಸ್ತಿ ಅಂತ ಪ್ರತಿ ವರ್ಷ ಹೇಳಿಕೊಂಡೆವು.

ಈಗ ಹೇಳಲೇಬೇಕಾದ ಒಂದು ವಿಷಯವಿದೆ. ನನಗೆ ಮೊದಲು ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಎರಡನೆಯದು ಐದನೇ ತಿಂಗಳಿನಲ್ಲಿ. ಅದಾದ ಮೇಲೆ ಸ್ಕೂಲಿನಲ್ಲಿ ಯಾರ ಮಗುವನ್ನಾದರೂ ನೋಡಿದರೆ ಸ್ಟಾಫ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮೂರನೇ ಸಲ ನಿಂತಾಗ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು, ಬಸ್ಸಿನಲ್ಲಿ ಕುಲುಕಾಡಿಕೊಂಡು ತವರಿಗೆ ಹೋಗುವುದು ಬೇಡ, ಹೆರಿಗೆ ಇಲ್ಲೇ ಆಗಲಿ. ಹಾಗಾಗಿ ಚೊಚ್ಚಲ ಬಾಣಂತನಕ್ಕೆ ನಾನು ತವರಿಗೆ ಹೋಗಲಿಲ್ಲ, ತವರೇ ಬಸ್ಸು ಹತ್ತಿ ದುರ್ಗಕ್ಕೆ ಬಂತು. ಅವ್ವ ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ತಲೆಯ ಮೇಲೆ ಒಂದು ಗಂಟು, ಕಂಕುಳಲ್ಲಿ ಒಂದು ಕಂಬಳಿ, ಕೈಯಲ್ಲಿ ಕಬ್ಬಿಣದ ಅಗ್ಗಿಷ್ಟಿಕೆ ಹಿಡಿದುಕೊಂಡು ಗೇಟು ತೆಗೆದಳು. ಆ ಕಂಬಳಿ ನಮ್ಮದೇ ಕುರಿಯ ಉಣ್ಣೆಯದು. ನಾನು ಹುಟ್ಟಿದಾಗ ನನಗೆ ಹೊದಿಸಿದ್ದೂ ಅದನ್ನೇ.

ಬಂದವಳೇ ಮನೆಯೆಲ್ಲ ಸುತ್ತಿ ನೋಡಿ, ಬಾಣಂತನಕ್ಕೆ ಪಡುವಣ ದಿಕ್ಕಿನ ಸಣ್ಣ ಕೋಣೆಯನ್ನು ಆರಿಸಿದಳು. ಅದಕ್ಕಿದ್ದ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ಎದುರಾಗಿತ್ತು. ಗಾಳಿ ಸುಳಿಯುವುದಿಲ್ಲ, ಇದೇ ಒಳ್ಳೆಯದಾಯಿತು ಅಂದಳು. ಚೈತ್ರ ಮಾಸದಲ್ಲಿ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಎರಡೂವರೆ ಕೆ.ಜಿ., ತಲೆ ತುಂಬ ಕೂದಲು, ಅಳುವ ಗಂಟಲು ಥೇಟ್ ಅವ್ವನದೇ. ನಾಲ್ಕನೇ ದಿನ ಮನೆಗೆ ಬಂದೆವು. ಅವ್ವ ಕಿಟಕಿಗೆ ಗೋಣಿಚೀಲ ಬಿಗಿದಳು, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿದಳು, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು ಕೆಂಡ ತುಂಬಿದಳು.

ಎದುರಾಡಲಿಲ್ಲವೇ ಅಂತ ಕೇಳಬಹುದು. ಆಡಿದೆ. ಇಷ್ಟು ಸೆಕೆಯಲ್ಲಿ ಕೆಂಡ ಯಾಕವ್ವ ಅಂತ ಒಂದು ಸಲ ಅಂದೆ. ನೀನು ಹುಟ್ಟಿದ್ದೂ ಇಂಥದೇ ಬ್ಯಾಸಗೇಲಿ, ನಿನಗೆ ಮೂರು ತಿಂಗಳು ಹಿಂಗೇ ಮಾಡಿದೀನಿ, ಏನಾಗೈತೆ ನಿನಗೆ ಅಂತ ಕೇಳಿದಳು. ಬೇರೆ ಸಮಯವಾಗಿದ್ದರೆ ಬಿಡುವವಳೇ ಅಲ್ಲ ನಾನು. ಆದರೆ ಎರಡು ಸಲ ಕೈ ಬರಿದಾದವಳಿಗೆ ಧೈರ್ಯ ಎಲ್ಲಿಂದ ಬರಬೇಕು? ಅವ್ವ ಹೇಳಿದ ಒಂದು ಮಾತು ಮೀರಿ ಈ ಮಗುವಿಗೇನಾದರೂ ಆದರೆ ಅಂತ ಹೆದರುತ್ತಿದ್ದೆ. ನಿಜ ಹೇಳಬೇಕೆಂದರೆ ಅವ್ವನಿಗೂ ಅದೇ ಭಯ. ಆ ಎರಡು ಸಲವೂ ತನ್ನ ಕಣ್ಣ ಮುಂದೆ ಇಲ್ಲದೆ ಹೀಗಾಯಿತು ಅಂತ ಅವಳು ನಂಬಿದ್ದಳು. ಈ ಸಲ ಒಂದು ಎಳೆಯಷ್ಟೂ ತಪ್ಪಬಾರದು ಅಂತ ಪಣ ತೊಟ್ಟಿದ್ದಳು.

ಮೊದಲ ವಾರ ಮಗು ಚೆನ್ನಾಗಿಯೇ ಇತ್ತು. ಎರಡನೇ ವಾರ ಬಿಸಿಲು ಏರಿತು. ಮಗುವಿನ ಕತ್ತು, ಬೆನ್ನು, ತೊಡೆ ಸಂದಿ ಎಲ್ಲ ಬೆವರುಸಾಲೆ ಎದ್ದು ಕೆಂಪಾಯಿತು. ನನ್ನ ಸೀರೆ ಮಂಚಕ್ಕೆ ಅಂಟಿಕೊಳ್ಳುತ್ತಿತ್ತು. ಹಗಲು ಹೇಗೋ ಕಳೆಯುತ್ತಿದ್ದೆ, ತಡೆಯಲಾಗದಿದ್ದುದು ಸಂಜೆ. ಹೊರಗೆ ಹೊತ್ತು ಮುಳುಗಿ ದೀಪ ಹಚ್ಚುವ ಹೊತ್ತಿಗೆ ಕೋಣೆ ಇನ್ನಷ್ಟು ಕಾಯುತ್ತಿತ್ತು. ಒಂದು ಸಂಜೆ ಮಗುವಿಗೆ ಹಾಲು ಕೊಡಲು ಪಡುವಣ ಗೋಡೆಗೆ ಬೆನ್ನು ಕೊಟ್ಟು ಕೂತೆ. ಆಗ ತಾನೇ ಒಲೆಯಿಂದ ಇಳಿಸಿದ ಹೆಂಚಿಗೆ ಬೆನ್ನು ಆನಿಸಿದಂತಾಗಿ ಎದ್ದುಬಿಟ್ಟೆ. ಬಿಸಿಲು ಹೋಗಿ ಒಂದು ಗಂಟೆ ಆಗಿತ್ತು. ಎಂಟನೇ ಕ್ಲಾಸಿಗೆ ವರ್ಷಾ ವರ್ಷ ಶಾಖದ ಪಾಠ ಮಾಡುವವಳು ನಾನು. ಕಲ್ಲು, ಇಟ್ಟಿಗೆ ಶಾಖವನ್ನು ನಿಧಾನವಾಗಿ ಹೀರಿ ನಿಧಾನವಾಗಿ ಬಿಡುತ್ತವೆ ಅಂತ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದವಳು. ಆ ಸಂಜೆ ನನ್ನ ತಲೆಗೆ ಹೊಳೆದದ್ದು, ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಬೇಕು ಅಂತ ಮಾತ್ರ. ಎಳೆದೆ ಕೂಡ.

ಹದಿನೆಂಟನೇ ದಿನ ಮಗು ಮೊಲೆ ಕಚ್ಚಲಿಲ್ಲ. ಮೈ ಮುಟ್ಟಿದರೆ ಸುಡುತ್ತಿತ್ತು. ಅವ್ವ ಹಣೆ ಮುಟ್ಟಿ ನೋಡಿ, ಥಂಡಿ ಹತ್ತಿ ಜ್ವರ ಬಂದೈತೆ ಅಂದಳು. ಥಂಡಿಗೆ ಮದ್ದು ಕಾವು. ಕೆಂಡ ಇನ್ನೊಂದು ಸೇರಿಸಿದಳು, ಕಂಬಳಿಯನ್ನು ಎರಡು ಮಡಿಕೆ ಮಾಡಿದಳು. ಮಧ್ಯಾಹ್ನದವರೆಗೆ ಕಿರಿಕಿರಿ ಅನ್ನುತ್ತಿದ್ದ ಮಗು ಆಮೇಲೆ ಸುಮ್ಮನಾಯಿತು. ನಿದ್ದೆ ಹತ್ತಿತು, ಇನ್ನು ಜ್ವರ ಇಳಿಯುತ್ತದೆ ಅಂದುಕೊಂಡೆವು ಇಬ್ಬರೂ. ಹೊತ್ತು ಮುಳುಗುವ ಹೊತ್ತಿಗೆ ಎತ್ತಿಕೊಂಡು ನೋಡಿದೆ, ಕೈಕಾಲು ಜೋತುಬಿದ್ದಿದ್ದವು. ತುಟಿ ಒಣಗಿತ್ತು. ಅಂಗಾಲು ಕೆರೆದರೂ ಕಣ್ಣು ಬಿಡಲಿಲ್ಲ. ಅವ್ವ ಅಗ್ಗಿಷ್ಟಿಕೆಯ ಕಡೆ ಕೈ ಚಾಚಿದ್ದು ಕಂಡಿತು. ಅದನ್ನು ಕಾಲಿನಿಂದ ಒದ್ದೆ. ಕೆಂಡ ನೆಲದ ತುಂಬ ಚೆಲ್ಲಿತು. ಮಗುವನ್ನು ಎದೆಗವಚಿಕೊಂಡು ಬಾಣಂತಿ ಅನ್ನುವುದನ್ನೂ ಮರೆತು ಬರಿಗಾಲಲ್ಲಿ ಬೀದಿಗೆ ಓಡಿದೆ. ಡಾಂಬರು ಆಗಲೂ ಅಂಗಾಲು ಸುಡುತ್ತಿತ್ತು. ಅದು ಇವತ್ತಿಗೂ ನೆನಪಿದೆ.

ಪಕ್ಕದ ಮನೆಯವರು ಆಟೋ ನಿಲ್ಲಿಸಿದರು. ಅವ್ವ ಹಿಂದೆ ಓಡಿಬಂದು ಹತ್ತಿದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಮಾಡಿದ ಕೆಲಸ ಮಗುವಿನ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿ ಎಸೆದದ್ದು. ಕಿವಿಯ ಹತ್ತಿ ತೆಗೆದರು, ಉಗುರು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಮೈಯೆಲ್ಲ ಒರೆಸಿದರು, ಅಷ್ಟು ಸಣ್ಣ ಕೈಯಲ್ಲಿ ನರ ಹುಡುಕಿ ಡ್ರಿಪ್ ಹಾಕಿದರು. ಮನೆ ಯಾವ ಕಡೆ, ತಾರಸಿ ಯಾವುದರದು, ಕೋಣೆ ಯಾವ ದಿಕ್ಕಿಗಿದೆ, ಕೆಂಡ ಇಡುತ್ತೀರಾ ಅಂತ ಒಂದೊಂದಾಗಿ ಕೇಳಿದರು. ನಾನು ಹೇಳುತ್ತಾ ಹೋದೆ.

"ಮಗುವಿಗೆ ಜ್ವರ ಬಂದಿಲ್ಲಮ್ಮ," ಅಂದರು ಕೊನೆಗೆ. "ಕೋಣೆ ಕಾದಿದೆ, ಅದರೊಳಗೆ ಮಗುವೂ ಕಾದುಬಿಟ್ಟಿದೆ. ಇವತ್ತು ಬೆಳಗಾಗಲಿ, ಆಮೇಲೆ ಹೇಳ್ತೀನಿ."

ಬೆಳಗಾಗಲಿ ಅಂದರೆ ಏನರ್ಥ ಅಂತ ತಿಳಿಯದವಳೇ ನಾನು? ಹೊರಗೆ ಬಂದೆ. ಬೆಂಚಿನ ಮೇಲೆ ಅವ್ವ ಖಾಲಿ ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಮುಖ ನೋಡಿದ್ದೇ ನನಗೆ ಏನಾಯಿತೋ ಗೊತ್ತಿಲ್ಲ.

"ನಿನ್ನ ಕೈಯಾರ ಕೊಲ್ತಿದ್ದೆಯಲ್ಲವ್ವ ನನ್ನ ಮಗೀನ," ಅಂದುಬಿಟ್ಟೆ.

ನಾಲ್ಕು ಜನರ ಮುಂದೆ, ದೊಡ್ಡ ದನಿಯಲ್ಲಿ ಅಂದೆ. ಊರನ್ನೇ ಹೆದರಿಸುವ ನಮ್ಮವ್ವ ತನ್ನ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡಳು, ಕಂಬಳಿಯ ಕೆಳಗೆ ಇಟ್ಟುಕೊಂಡಳು.

ಬೆಳಗಿನ ಜಾವ ಮಗು ಅತ್ತಿತು. ಆ ಅಳು ಕೇಳಿ ನಾನು ಒಳಗೆ ಓಡಿದೆ. ರಾತ್ರಿಯೇ ಅಂಗಡಿಯಿಂದ ಓಡಿಬಂದಿದ್ದ ನಮ್ಮ ಮನೆಯವರು ಮಗುವಿನ ಹಾಗೆ ಅತ್ತರು. ಡಾಕ್ಟರಮ್ಮ ಇನ್ನು ಭಯವಿಲ್ಲ ಅಂದರು. ನಾಲ್ಕು ದಿನ ಅಲ್ಲೇ ಇರಿಸಿಕೊಂಡು, ಗಾಳಿ ಬೆಳಕಿರುವ ಕಡೆ ಮಲಗಿಸಿ, ತೆಳು ಬಟ್ಟೆ ಸಾಕು ಅಂತ ಹೇಳಿ ಕಳಿಸಿದರು. ಹಳ್ಳಿಯಲ್ಲಿ ಇದೇ ಬಾಣಂತನ ಮಾಡುತ್ತಾರೆ, ಅಲ್ಲಿ ಮಕ್ಕಳು ಚೆನ್ನಾಗೇ ಇರುತ್ತವೆ, ಇಲ್ಲಿ ತಂದು ಮಾಡಿದರೆ ಹೀಗಾಗುತ್ತದೆ ಅಂತ ಅವರು ಬೇಸರದಿಂದ ಅಂದದ್ದನ್ನು ಅವ್ವ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. ಮಗು ಅತ್ತಾಗ ಅವಳೂ ಎದ್ದು ನಿಂತಿದ್ದಳು. ಆದರೆ ಒಳಗೆ ಬರಲಿಲ್ಲ.

ಮನೆಗೆ ಬಂದ ಮೇಲೂ ಅವ್ವ ಮಗುವನ್ನು ಮುಟ್ಟಲಿಲ್ಲ. ಮಗುವಿಗೆ ಎರೆಯಲು ಪಕ್ಕದ ಬೀದಿಯ ಒಬ್ಬ ಹೆಂಗಸನ್ನು ಗೊತ್ತು ಮಾಡಿದಳು. ತಾನು ನೀರು ಕಾಸಿ ಬಾಗಿಲವರೆಗೆ ತಂದಿಟ್ಟು ಹೋಗುವಳು. ಎತ್ತಿಕೊಳ್ಳವ್ವ ಅಂತ ನಾನೂ ಹೇಳಲಿಲ್ಲ. ಆಡಿದ ಮಾತಿನ ಮೇಲೆ ಅದು ಹೇಗೆ ಬಾಯಿಗೆ ಬರುತ್ತದೆ? ತಪ್ಪಾಯಿತು ಅನ್ನಬೇಕಿತ್ತು. ನಾಳೆ ಅನ್ನೋಣ ಅಂತ ದಿನ ದೂಡಿದೆ.

ಮನೆಗೆ ಬಂದ ಮೂರನೇ ದಿನವೋ ನಾಲ್ಕನೆಯ ದಿನವೋ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವ ಕಾಣಲಿಲ್ಲ. ನೋಡಿದರೆ ಆ ಪಡುವಣ ಕೋಣೆಯಲ್ಲಿ ನಿಂತು ಗೋಡೆಗೆ ಅಂಗೈ ಇಟ್ಟಿದ್ದಳು. ಗಬ್ಬದ ಕುರಿಯ ಹೊಟ್ಟೆ ಮುಟ್ಟಿ ನೋಡುವಾಗ ಹಾಗೆಯೇ ಇಡುತ್ತಿದ್ದಳು. ಅಲ್ಲಿಂದ ಅಂಗಳಕ್ಕೆ ಹೋಗಿ ಬಗ್ಗಿ ಸಿಮೆಂಟು ಮುಟ್ಟಿದಳು. ಆಮೇಲೆ ಮೆಟ್ಟಿಲು ಹತ್ತಿ ಬರಿಗಾಲಲ್ಲಿ ತಾರಸಿಗೆ ಹೋದಳು. ಮಗುವನ್ನು ಮನೆಯವರ ಕೈಗೆ ಕೊಟ್ಟು ನಾನೂ ಹಿಂದೆ ಹೋದೆ. ಅಲ್ಲಿ ನಿಂತಳು, ಕಾಲು ಬದಲಾಯಿಸಿದಳು, ಮತ್ತೆ ನಿಂತಳು. ಸುತ್ತಲೂ ನಮ್ಮಂಥವೇ ಬೋಳು ತಾರಸಿಗಳು ಗುಡ್ಡದ ಬುಡದವರೆಗೂ. ಅವನ್ನೆಲ್ಲ ನೋಡಿದಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನನ್ನ ಹತ್ತಿರ ಬಾಯಿ ಬಿಟ್ಟಳು.

"ಇದು ಬಂಡೆ ಕಣೇ," ಅಂದಳು. "ಹೊತ್ತು ಮುಳುಗಿದ ಮ್ಯಾಲೆ ಬಂಡೆ ಮ್ಯಾಲೆ ಯಾರಾದ್ರೂ ಮರಿ ಮಲಗಿಸ್ತಾರಾ? ಹಗಲೆಲ್ಲ ನುಂಗಿದ್ದನ್ನ ಅದು ಆವಾಗ ಬಿಡ್ತೈತೆ. ದೊಡ್ಡ ಕುರಿಯಾದ್ರೆ ಎದ್ದು ಮಣ್ಣಿಗೆ ಬರ್ತಾವೆ, ಎಳೇ ಮರಿ ಏಳಾಕಾಗಲ್ಲ. ನಂಗಿದು ಗೊತ್ತಿಲ್ಲದ್ದಲ್ಲ. ನಾನು ಇದನ್ನ ಮನೆ ಅಂದ್ಕಂಡಿದ್ದೆ."

ಅವಳಿಗೆ ಕುರಿಯಿಂದ ಗೊತ್ತಿದ್ದದ್ದು ನನಗೆ ಪುಸ್ತಕದಿಂದ ಗೊತ್ತಿತ್ತು. ಇಬ್ಬರೂ ಗೊತ್ತಿದ್ದೂ ಗೊತ್ತಿದ್ದೂ ಮಗುವನ್ನು ಅದರೊಳಗೆ ಇಟ್ಟೆವು. ಅವಳಿಗಾದರೂ ಮನೆ ಅನ್ನುವ ಮಾತು ಮೋಸ ಮಾಡಿತು, ಕಾವು ಅನ್ನುವ ಮಾತು ಮೋಸ ಮಾಡಿತು. ಅವಳ ಕತ್ತಲೆ ಕೋಣೆ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು, ಅದಕ್ಕೇ ಅಲ್ಲಿ ಕೆಂಡ ಬೇಕಾಗುತ್ತಿತ್ತು. ನಮ್ಮ ಕೋಣೆಗೆ ಕೆಂಡ ಇಡುವ ಮೊದಲೇ ಸೂರ್ಯ ಕೆಂಡ ತುಂಬಿ ಹೋಗಿದ್ದ. ನನಗೆ ಯಾರು ಮೋಸ ಮಾಡಿದರು? ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಅದೇ ಗೋಡೆಗೆ ನೇತು ಹಾಕಿಕೊಂಡವಳು ನಾನು.

ಆಮೇಲೆ ನಾನು ಆ ಪಾಠ ಮಾಡುವ ರೀತಿಯನ್ನೇ ಬದಲಾಯಿಸಿದೆ. ಹುಡುಗಿಯರನ್ನು ಸ್ಕೂಲಿನ ಅಂಗಳಕ್ಕೆ ಕರೆದುಕೊಂಡು ಹೋಗಿ, ಒಂದು ಕೈ ಸಿಮೆಂಟಿನ ಮೇಲೆ, ಒಂದು ಕೈ ಬೇವಿನ ಬುಡದ ಮಣ್ಣಿನ ಮೇಲೆ ಇಡಿಸುತ್ತಿದ್ದೆ. ಹೊಲದ ಮೇಲೂ ಅದೇ ಬಿಸಿಲು ಬೀಳುತ್ತದೆ. ಆದರೆ ಮಣ್ಣಿನೊಳಗೆ ಒಂದಿಷ್ಟು ತೇವ ಇರುತ್ತದೆ, ಗಿಡದ ಎಲೆಯಲ್ಲಿ ನೀರಿರುತ್ತದೆ, ಬಿಸಿಲಿನ ಅರ್ಧ ಶಕ್ತಿ ಆ ನೀರನ್ನು ಆವಿ ಮಾಡುವುದರಲ್ಲೇ ಮುಗಿದುಹೋಗುತ್ತದೆ. ಸಿಮೆಂಟಿಗೆ ಬಿದ್ದ ನೀರು ಚರಂಡಿಗೆ ಹೋಗುತ್ತದೆ, ಬಿಸಿಲು ಮಾತ್ರ ಒಳಗೆ ಉಳಿಯುತ್ತದೆ. ಇನ್ನು ಸಂಜೆ. ಬಯಲಿನ ನೆಲ ತನ್ನ ಕಾವನ್ನು ನೇರ ಆಕಾಶಕ್ಕೆ ಬಿಟ್ಟು ಹಗುರಾಗುತ್ತದೆ. ನಮ್ಮ ಬೀದಿಯಲ್ಲಿ ಈ ಗೋಡೆ ಬಿಟ್ಟದ್ದನ್ನು ಎದುರಿನ ಗೋಡೆ ಹಿಡಿಯುತ್ತದೆ, ಅದು ಬಿಟ್ಟದ್ದನ್ನು ಇದು ಹಿಡಿಯುತ್ತದೆ. ತೂರಿ ಹೋಗುವಷ್ಟು ಗಾಳಿಗೂ ಜಾಗವಿಲ್ಲ. ಅದರ ಮೇಲೆ ಲಾರಿ ಬಸ್ಸುಗಳ ಬಿಸಿ, ಮನೆ ಮನೆಯ ಒಲೆಯ ಬಿಸಿ. ಬೆಳಗಾಗುವುದರೊಳಗೆ ಹಳೆಯ ಕಾವು ಇಳಿದಿರುವುದಿಲ್ಲ, ಹೊಸ ಬಿಸಿಲು ಬಂದು ಕೂರುತ್ತದೆ. ಇಷ್ಟು ಹೇಳಿ ನಾನು ಕೋಟೆ ಗುಡ್ಡದ ಕಡೆ ಕೈ ತೋರಿಸಿ, ಅದನ್ನು ಬೈಯಬೇಡಿ ಅನ್ನುತ್ತಿದ್ದೆ. ಹುಡುಗಿಯರು ನಗುತ್ತಿದ್ದರು.

ಇರಲಿ, ಅವ್ವನ ವಿಷಯಕ್ಕೆ ಬರುತ್ತೇನೆ. ತಾರಸಿಯಿಂದ ಇಳಿದ ಮರುದಿನವೇ ಅವಳು ಮನೆಯ ಮೇಲೆ ಯುದ್ಧಕ್ಕೆ ಇಳಿದಳು. ಅಳಿಯಂದಿರ ಹತ್ತಿರ ಅವಳು ಮುಂಚೆ ಬಾಯಿಬಿಟ್ಟು ಏನೂ ಕೇಳಿದವಳಲ್ಲ. ಅವತ್ತು, ಹಾರೆ ಒಂದು ತಂದುಕೊಡ್ರಿ ಅಂದಳು. ಯಾತಕ್ಕೆ ಅಂತ ಕೇಳಿದರೆ, ಅಂಗಳ ಒಡೀಬೇಕು ಅಂದಳು. ಸಿಮೆಂಟ್ ವ್ಯಾಪಾರಿಯ ಮನೆ ಅಂಗಳದ ಸಿಮೆಂಟನ್ನು ಒಡೆಯುವುದೆಂದರೆ ಬೀದಿಯವರು ಏನಂದುಕೊಳ್ಳುತ್ತಾರೆ ಅಂತ ಅವರ ಮುಖ ಸಣ್ಣದಾಯಿತು. ನನ್ನ ಕಡೆ ನೋಡಿದರು. ತೊಟ್ಟಿಲಿನ ಕಡೆ ನೋಡಿದರು. ಅಂಗಡಿಯಿಂದ ಹಾರೆ ತಂದುಕೊಟ್ಟು, ಮೊದಲ ಏಟು ತಾವೇ ಹಾಕಿದರು.

ಪಡುವಣ ಗೋಡೆಯ ಉದ್ದಕ್ಕೂ ಅವ್ವ ಸಿಮೆಂಟು ಎಬ್ಬಿಸಿದಳು. ಮೂರು ದಿನ ಬೇಕಾಯಿತು. ಕೆಳಗೆ ಆ ಹಳೇ ಜೋಳದ ಹೊಲದ ಮಣ್ಣು ಇನ್ನೂ ಇತ್ತು. ಅದನ್ನು ಅಗೆದು ಸಡಿಲ ಮಾಡಿ, ಬಚ್ಚಲ ನೀರು ಅಲ್ಲಿಗೆ ಹರಿಯುವಂತೆ ಕಾಲುವೆ ತೆಗೆದು, ಎರಡು ನುಗ್ಗೆ ಕೊಂಬೆ ನೆಟ್ಟಳು. ತಾರಸಿಗೆ ಸುಣ್ಣ ಬಳಿಸಿದಳು. ಹೊಸದುರ್ಗದ ಕಡೆಯಿಂದ ಬಂದ ಒಂದು ಲಾರಿಯಲ್ಲಿ ತೆಂಗಿನ ಗರಿ ತರಿಸಿ ಅದರ ಮೇಲೆ ಚಪ್ಪರ ಹಾಕಿಸಿದಳು. ಸಂಜೆ ಕಿಟಕಿಗೆ ಒದ್ದೆ ಗೋಣಿ. ಗಾಳಿ ತಡೆಯಲು ತಾನೇ ಕಟ್ಟಿದ್ದ ಗೋಣಿಯನ್ನೇ ಗಾಳಿ ತಂಪಾಗಿ ಬರಲಿ ಅಂತ ನೀರಲ್ಲಿ ಅದ್ದಿ ಕಟ್ಟಿದಳು. ಕೋಣೆ ತಣ್ಣಗಾಯಿತು ಅಂದರೆ ಸುಳ್ಳಾಗುತ್ತದೆ, ಉಸಿರಾಡುವಂತಾಯಿತು. ಅಷ್ಟು ದಿನವೂ ಅವಳ ಕೈ ಒಂದು ಗಳಿಗೆ ಸುಮ್ಮನಿರಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆ ಕೈ ತೊಟ್ಟಿಲಿನ ಹತ್ತಿರ ಮಾತ್ರ ಬರಲಿಲ್ಲ. ಮಗು ಅತ್ತರೆ ಹೊರಗಿನಿಂದಲೇ, ಎತ್ಕಳೇ, ಹಸಿದೈತೆ ಅನ್ನುವಳು. ನನಗೆ ಸಿಟ್ಟು ಬರುತ್ತಿತ್ತು, ನನ್ನ ಮೇಲೇ.

ವೈಶಾಖದ ಬಿಸಿಲು ಇನ್ನೂ ಬಾಕಿ ಇತ್ತು. ಅದು ಇಳಿಯುವವರೆಗೆ ಮಗುವನ್ನು ಹಳ್ಳಿಯ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಡಾಕ್ಟರಮ್ಮನೇ ಹೇಳಿದರು. ತಿಂಗಳು ತುಂಬಿದ ಮೇಲೆ ಒಂದು ದಿನ ನೋಡಿ, ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋಗುವ ಬಸ್ಸಿಗೆ ನಾವಿಬ್ಬರೂ ಮಗುವಿನೊಂದಿಗೆ ಹೊರಟೆವು. ಹೊಸದುರ್ಗಕ್ಕೆ ಚಿಕ್ಕಪ್ಪ ಗಾಡಿ ತರುತ್ತೇನೆ ಅಂದಿದ್ದ. ಐದಕ್ಕೆ ಬಿಡಬೇಕಾದ ಬಸ್ಸು ಹೊತ್ತು ಮುಳುಗುವ ಹೊತ್ತಿಗೆ ಹೊರಟಿತು. ನಾನು ಕಿಟಕಿ ಪಕ್ಕ, ಮಗು ನನ್ನ ಮಡಿಲಲ್ಲಿ, ಆಚೆ ಅವ್ವ. ಅವಳ ಮಡಿಲಲ್ಲಿ ಮಡಿಸಿದ ಕಂಬಳಿ.

ಬಸ್ಸು ಊರೊಳಗೆ ತೆವಳುತ್ತಿತ್ತು. ಕಿಟಕಿಯಿಂದ ಬರುತ್ತಿದ್ದದ್ದು ಬಿಸಿ ಗಾಳಿ, ಡೀಸೆಲ್ ವಾಸನೆ. ಮಗುವಿನ ಹಣೆಯಲ್ಲಿ ಬೆವರು. ಸೆರಗಿನಲ್ಲಿ ಒರೆಸುತ್ತಾ ಕೂತೆ. ಅಂಗಡಿ ಸಾಲು ಮುಗಿಯಿತು, ಮನೆಗಳು ಮುಗಿದವು, ಕೊನೆಯ ಪೆಟ್ರೋಲ್ ಬಂಕು ದಾಟಿತು. ಎರಡೂ ಕಡೆ ಉತ್ತ ಹೊಲ ಶುರುವಾಯಿತು. ಆಗ ಯಾರೋ ಬಾಗಿಲು ತೆಗೆದ ಹಾಗೆ ಗಾಳಿ ಬದಲಾಯಿತು. ಬಸ್ಸಿನಲ್ಲಿದ್ದವರೆಲ್ಲ ಒಮ್ಮೆ ಉಸಿರು ಬಿಟ್ಟು ನೆಟ್ಟಗೆ ಕೂತರು. ಆಗ ಆ ಜಾಗ ಊರಿಂದ ಒಂದೆರಡು ಮೈಲಿಯೂ ಇರಲಿಲ್ಲ. ಈಗ ಅಲ್ಲಿಯವರೆಗೂ ಸೈಟುಗಳಾಗಿವೆ, ಅದೇ ತಂಪು ಸಿಗಬೇಕಾದರೆ ಬಸ್ಸು ಇನ್ನೂ ಎಷ್ಟೋ ಮುಂದೆ ಹೋಗಬೇಕು. ಹೋದಾಗಲೆಲ್ಲ ನಾನು ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡುತ್ತೇನೆ.

ಇನ್ನೊಂದಷ್ಟು ದೂರ ಹೋಗುವಷ್ಟರಲ್ಲಿ ಗಾಳಿ ನಿಜಕ್ಕೂ ತಣ್ಣಗಾಯಿತು. ಮಗು ಎರಡು ಸಲ ಸೀನಿತು, ಕಾಲು ಮಡಚಿಕೊಂಡಿತು. ಕಿಟಕಿಯ ಗಾಜು ಎಳೆಯಲು ಹೋದೆ, ಅದು ಜಾಮ್ ಆಗಿತ್ತು. ಪಕ್ಕದಲ್ಲಿ ಅವ್ವನ ಮೈ ಬಿಗಿಯಾದದ್ದು ನನಗೆ ತಿಳಿಯಿತು. ಅವಳ ಕೈ ಕಂಬಳಿಯ ಅಂಚು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಮಗುವಿನ ಅಂಗಾಲನ್ನು ಒಂದೇ ಬೆರಳಿನಲ್ಲಿ ಮುಟ್ಟಿ ನೋಡಿದಳು. ಒಂದು ತಿಂಗಳ ಮಗುವಿನ ವಿಷಯದಲ್ಲಿ ಯಾರ ಅಪ್ಪ ಬಂದರೂ ಕೇಳದ ನಮ್ಮವ್ವ, ನಲವತ್ತು ವರ್ಷ ಈದ ಕುರಿಗಳನ್ನು ಕಾಯ್ದವಳು, ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು.

"ತಣ್ಣಗೈತೆ ಕಣವ್ವ. ಹೊದಿಸ್ಲಾ?"

ತಪ್ಪಾಯಿತು ಅನ್ನುವ ಮಾತು ಆಗಲೂ ನನ್ನ ಬಾಯಿಂದ ಬರಲಿಲ್ಲ. ಅವ್ವ ಸಾಯುವವರೆಗೂ ಬರಲಿಲ್ಲ. ಮಗುವನ್ನು ಎತ್ತಿ ಅವಳ ಮಡಿಲಿಗೆ ಹಾಕಿದೆ.

"ಹೊದಿಸವ್ವ," ಅಂದೆ.

ಅವಳು ಕಂಬಳಿಯನ್ನು ಒಂದೇ ಮಡಿಕೆ ಬಿಡಿಸಿ ಹೊದಿಸಿದಳು. ಹೊಳಲ್ಕೆರೆ ಬರುವವರೆಗೆ ನಾಲ್ಕು ಸಲ ಅದರೊಳಗೆ ಕೈ ಹಾಕಿ ಬೆವರಿದೆಯೇ ಅಂತ ಮುಟ್ಟಿ ನೋಡಿದಳು, ನಾಲ್ಕು ಸಲವೂ ನನ್ನ ಮುಖ ನೋಡಿದಳು.